ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಭಾರತದಲ್ಲಿ ಜನಿಸಿದ ಬ್ರಿಟಿಷ್ ವೈದ್ಯ, ಸಂಶೋಧಕ ಮತ್ತು ಸಾಹಿತಿ. ಮಲೇರಿಯಾ ರೋಗವು ಸೊಳ್ಳೆಗಳ ಮೂಲಕ ಹರಡುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರ ಒದಗಿಸಿದ್ದಕ್ಕಾಗಿ 1902ರಲ್ಲಿ ಇವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಬ್ರಿಟನ್ನಿಗೆ ಸಂದ ಮೊದಲ ನೊಬೆಲ್ ಪ್ರಶಸ್ತಿ ಇದು. ಇವರ ಪ್ರಸಿದ್ಧ ಸಂಶೋಧನೆ ನಡೆದದ್ದು ಸಿಕಂದರಾಬಾದ್ ಮತ್ತು ಕಲ್ಕತ್ತಾಗಳಲ್ಲಿ. ಆದರೆ ಸೊಳ್ಳೆಗಳ ಕುರಿತು ಇವರಿಗೆ ಮೊದಲ ಆಸಕ್ತಿ ಮೂಡಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಅಲ್ಲಿ ಕಂಡುಕೊಂಡ ಸಂಗತಿಯನ್ನು ಇವರು ಜೀವನದುದ್ದಕ್ಕೂ ಪ್ರತಿಪಾದಿಸಿದರು. ಡೆಂಗಿ, ಚಿಕುನ್‌ಗುನ್ಯಾ ಮುಂತಾದ ವೈರಸ್ ರೋಗಗಳ ವಿರುದ್ಧ ಇಂದಿಗೂ ಮುಖ್ಯ ಉಪಾಯವಾಗಿ ಉಳಿದಿರುವುದು ಅದೇ.

ಜನನ ಮತ್ತು ಬಾಲ್ಯ

ರಾಸ್ ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ (ಈಗಿನ ಉತ್ತರಾಖಂಡ) ಜನಿಸಿದರು. ಮೀರತ್‌ನಲ್ಲಿ ಸಿಪಾಯಿಗಳ ದಂಗೆ ಆರಂಭವಾಗಿ ಆಗ ಮೂರು ದಿನಗಳಾಗಿದ್ದವು. ತಂದೆ ಕ್ಯಾಂಬೆಲ್ ಕ್ಲೇ ಗ್ರಾಂಟ್ ರಾಸ್ ಸೇನಾಧಿಕಾರಿ. ತಾಯಿ ಮಟಿಲ್ಡಾ ಷಾರ್ಲೆಟ್. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯವರು. ಆ ಕಾಲದ ಆಂಗ್ಲ ಕುಟುಂಬಗಳ ಪದ್ಧತಿಯಂತೆ ಎಂಟನೆಯ ವಯಸ್ಸಿನಲ್ಲಿ ಇವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ವೈಟ್ ದ್ವೀಪದಲ್ಲಿ ಬಂಧುಗಳ ಮನೆಯಲ್ಲಿ ಬೆಳೆದರು.

ಬಾಲಕನಿಗೆ ಚಿತ್ರಕಲೆ, ಕಾವ್ಯ, ಸಂಗೀತ ಮತ್ತು ಗಣಿತದಲ್ಲಿ ಒಲವಿತ್ತು. ವೈದ್ಯನಾಗುವ ಇಚ್ಛೆ ಎಳ್ಳಷ್ಟೂ ಇರಲಿಲ್ಲ. ಮಗ ಭಾರತೀಯ ವೈದ್ಯಕೀಯ ಸೇವೆಗೆ ಸೇರಬೇಕೆಂಬುದು ತಂದೆಯ ಹಟ. ಅದರಂತೆ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯು ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. ಅಲ್ಲಿ ಪಾಠಕ್ಕಿಂತ ನಾಟಕ, ಕವಿತೆಗಳಲ್ಲಿಯೇ ಹೆಚ್ಚು ಕಾಲ ಕಳೆದರು. 1879ರಲ್ಲಿ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಜೊತೆಗೆ ಬೇಕಿದ್ದ ಇನ್ನೊಂದು ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಕೆಲಕಾಲ ಅಟ್ಲಾಂಟಿಕ್ ಸಾಗರ ದಾಟುವ ಹಡಗುಗಳಲ್ಲಿ ವೈದ್ಯರಾಗಿ ದುಡಿದು, 1881ರಲ್ಲಿ ಆ ಪರೀಕ್ಷೆಯನ್ನೂ ಮುಗಿಸಿ, ಅದೇ ವರ್ಷ ಭಾರತೀಯ ವೈದ್ಯಕೀಯ ಸೇವೆಯ ಮದ್ರಾಸ್ ವಿಭಾಗಕ್ಕೆ ನೇಮಕಗೊಂಡರು.

ಬೆಂಗಳೂರಿನ ನೀರಿನ ತೊಟ್ಟಿ

ಸೇವೆಯ ಮೊದಲ ವರ್ಷಗಳಲ್ಲಿ ರಾಸ್ ಹಲವು ಊರುಗಳಿಗೆ ವರ್ಗಾವಣೆಗೊಂಡರು. ಅವುಗಳಲ್ಲಿ ಬೆಂಗಳೂರು ಅವರಿಗೆ ಮೆಚ್ಚುಗೆಯಾದ ಊರು. 1883ರಲ್ಲಿ ಅವರು ಅಲ್ಲಿನ ದಂಡಿನಲ್ಲಿ ಹಂಗಾಮಿ ಸೇನಾ ವೈದ್ಯರಾಗಿದ್ದರು. ಹವೆ ಹಿತಕರವಾಗಿತ್ತು, ಬಂಗಲೆ ಚೆನ್ನಾಗಿತ್ತು, ಆದರೆ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ತಮ್ಮ ಕೋಣೆಯಲ್ಲಿ ಮಾತ್ರ ಬೇರೆಡೆಗಿಂತ ಹೆಚ್ಚು ಸೊಳ್ಳೆಗಳಿರುವುದನ್ನು ಗಮನಿಸಿ ಕಾರಣ ಹುಡುಕಿದಾಗ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳು ಮಿಜಿಗುಡುತ್ತಿದ್ದುದು ಕಾಣಿಸಿತು. ತೊಟ್ಟಿಯನ್ನು ಬೋರಲು ಹಾಕಿಸಿದ ಮೇಲೆ ಕಾಟ ಬಹುಮಟ್ಟಿಗೆ ತಗ್ಗಿತು.

ದಂಡಿನ ಉಳಿದ ಕಟ್ಟಡಗಳ ಸುತ್ತಲೂ ಹೀಗೆಯೇ ಮಾಡಿಸಬಹುದೆಂದು ರಾಸ್ ಮೇಲಿನ ಅಧಿಕಾರಿಯೊಬ್ಬರಿಗೆ ಸಲಹೆ ನೀಡಿದರು. ಪ್ರಕೃತಿ ಸೊಳ್ಳೆಗಳನ್ನು ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಸಿರಬೇಕು, ಅವುಗಳನ್ನು ಸಹಿಸಿಕೊಳ್ಳುವುದೇ ಸರಿ ಎಂಬ ಅರ್ಥದ ಉತ್ತರ ಬಂದು ಸಲಹೆ ಅಲ್ಲಿಗೇ ನಿಂತಿತು. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿರಬಹುದೆಂದು ಆಗ ರಾಸ್ ಅವರಿಗೂ ಹೊಳೆದಿರಲಿಲ್ಲ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಆವಿಯೇ ಚಳಿಜ್ವರಕ್ಕೆ ಕಾರಣವೆಂದು ವೈದ್ಯರೂ ನಂಬಿದ್ದ ಕಾಲವದು.

1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದ ರಾಸ್, ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದು, ಬ್ಯಾಕ್ಟೀರಿಯಾಶಾಸ್ತ್ರದ ತರಬೇತಿಯನ್ನೂ ಮುಗಿಸಿದರು. 1889ರ ಏಪ್ರಿಲ್‌ನಲ್ಲಿ ರೋಸಾ ಬೆಸ್ಸಿ ಬ್ಲಾಕ್ಸಮ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಮದುವೆಯ ಬಳಿಕ ಭಾರತಕ್ಕೆ ಮರಳಿದಾಗ ಅವರು ಮತ್ತೆ ಬೆಂಗಳೂರಿನಲ್ಲಿ ನೆಲೆಸಿದ್ದುಂಟು.

ಮ್ಯಾನ್ಸನ್ ಅವರ ಮಾರ್ಗದರ್ಶನ

ಫ್ರೆಂಚ್ ಸೇನಾ ವೈದ್ಯ ಅಲ್ಫಾನ್ಸ್ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮ ಪರೋಪಜೀವಿಯನ್ನು ಕಂಡಿದ್ದರು. ಭಾರತದಲ್ಲಿ ಅದನ್ನು ಹುಡುಕಿ ಸೋತಿದ್ದ ರಾಸ್, ಆ ಜೀವಿ ಇದೆಯೆಂಬುದನ್ನೇ ಅನುಮಾನಿಸಿ ಬರೆದಿದ್ದರು. 1894ರಲ್ಲಿ ಎರಡನೆಯ ಬಾರಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ, ಉಷ್ಣವಲಯದ ರೋಗಗಳ ತಜ್ಞ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದಲ್ಲಿ ಆ ಪರೋಪಜೀವಿಯನ್ನು ತೋರಿಸಿ ಸಂದೇಹ ನಿವಾರಿಸಿದರು. ಆನೆಕಾಲು ರೋಗಕ್ಕೆ ಕಾರಣವಾದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆಂದು ಮ್ಯಾನ್ಸನ್ 1877ರಲ್ಲಿಯೇ ಚೀನಾದಲ್ಲಿ ಕಂಡುಕೊಂಡಿದ್ದರು. ಮಲೇರಿಯಾದ ವಿಷಯವೂ ಹೀಗೆಯೇ ಇರಬಹುದೆಂಬುದು ಅವರ ಊಹೆ.

ಊಹೆಯ ಅರ್ಧಭಾಗ ಸರಿಯಾಗಿತ್ತು. ಸೊಳ್ಳೆ ರೋಗಿಯ ರಕ್ತ ಕುಡಿದು, ನೀರಿನ ಮೇಲೆ ಸತ್ತು, ಆ ನೀರನ್ನು ಕುಡಿದವರಿಗೆ ರೋಗ ಬರುತ್ತದೆಂದು ಮ್ಯಾನ್ಸನ್ ಭಾವಿಸಿದ್ದರು. ಸೊಳ್ಳೆ ಮತ್ತೆ ಮತ್ತೆ ಕಚ್ಚಬಲ್ಲದು, ಕಚ್ಚುವಾಗಲೇ ರೋಗವನ್ನು ದಾಟಿಸಬಲ್ಲದು ಎಂಬ ಕಲ್ಪನೆ ಅವರಿಗಿರಲಿಲ್ಲ. ಆದರೂ ಮುಂದಿನ ನಾಲ್ಕು ವರ್ಷ ಇವರಿಬ್ಬರ ನಡುವೆ ನಡೆದ ದೀರ್ಘ ಪತ್ರವ್ಯವಹಾರವಿಲ್ಲದೆ ರಾಸ್ ಅವರ ಕೆಲಸ ಪೂರ್ಣಗೊಳ್ಳುತ್ತಿರಲಿಲ್ಲ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಗುರುಶಿಷ್ಯರ ಇಂತಹ ಪತ್ರಸಂಗ್ರಹ ಅಪರೂಪ.

ಸಿಕಂದರಾಬಾದ್, ಮತ್ತೆ ಬೆಂಗಳೂರು

1895ರ ವಸಂತದಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಕೆಲಸ ಆರಂಭಿಸಿದರು. ಮರಿಹುಳುಗಳಿಂದ ಸೊಳ್ಳೆ ಬೆಳೆಸುವುದು, ಅವು ರೋಗಿಗಳನ್ನು ಕಚ್ಚುವಂತೆ ಮಾಡುವುದು, ಬಳಿಕ ಒಂದೊಂದನ್ನೂ ಸೀಳಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದು ಅವರ ವಿಧಾನ. ಸೊಳ್ಳೆಗಳ ಶಾಸ್ತ್ರೀಯ ವರ್ಗೀಕರಣ ಅವರಿಗೆ ಗೊತ್ತಿರಲಿಲ್ಲ, ಗ್ರಂಥಗಳೂ ಕೈಗೆಟುಕುವಂತಿರಲಿಲ್ಲ. ಆದುದರಿಂದ ತಮ್ಮದೇ ಹೆಸರುಗಳನ್ನಿಟ್ಟುಕೊಂಡರು: ಬೂದು ಸೊಳ್ಳೆ, ಪಟ್ಟೆ ಸೊಳ್ಳೆ, ಮುಂದೆ ಚುಕ್ಕೆ ರೆಕ್ಕೆಯ ಸೊಳ್ಳೆ. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಬೂದು ಸೊಳ್ಳೆ ಕ್ಯೂಲೆಕ್ಸ್, ಪಟ್ಟೆ ಸೊಳ್ಳೆ ಈಡಿಸ್, ಚುಕ್ಕೆ ರೆಕ್ಕೆಯದು ಅನಾಫಿಲಿಸ್. ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಮಾತ್ರ. ರಾಸ್ ಎರಡು ವರ್ಷ ಸೀಳಿ ನೋಡಿದ್ದು ಬಹುತೇಕ ಮೊದಲೆರಡು ಬಗೆಗಳನ್ನು.

1895ರ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ತಡೆ ಬಂತು. ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಿದ್ದರಿಂದ ಸರ್ಕಾರ ರಾಸ್ ಅವರನ್ನು ಅಲ್ಲಿಗೆ ಕಳುಹಿಸಿತು. ಮೈಸೂರು ಸಂಸ್ಥಾನದ ನಡುವೆ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ನೈರ್ಮಲ್ಯವನ್ನು ಸುಧಾರಿಸುವ ಹೊಣೆ ಅವರದಾಯಿತು. ಮಲೇರಿಯಾ ಸಂಶೋಧನೆಯ ದೃಷ್ಟಿಯಿಂದ ಇದನ್ನು ಕಳೆದುಹೋದ ಕಾಲವೆಂದು ಬರೆಯುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಊರಿನ ಬಾವಿ, ಚರಂಡಿ, ಕಸದ ರಾಶಿಗಳ ನಡುವೆ ಓಡಾಡಿ, ಕಾಲರಾ ಹಾಗೂ ನೈರ್ಮಲ್ಯ ಇಲಾಖೆಯ ವ್ಯವಸ್ಥೆಯ ಬಗ್ಗೆ 1896ರಲ್ಲಿ ವಿಸ್ತಾರವಾದ ವರದಿ ಬರೆದ ಅನುಭವವೇ ರಾಸ್ ಅವರನ್ನು ಪ್ರಯೋಗಾಲಯದಿಂದ ಬೀದಿಗೆ ತಂದಿತು. ರೋಗ ತಡೆಗಟ್ಟುವುದೆಂದರೆ ಆಳು, ಹಣ ಮತ್ತು ದಿನನಿತ್ಯದ ಉಸ್ತುವಾರಿ ಎಂಬ ಅವರ ಮುಂದಿನ ನಿಲುವಿಗೆ ಇಲ್ಲಿನ ಎರಡು ವರ್ಷ ತಳಹದಿಯಾಯಿತು.

ಬೆಂಗಳೂರಿನಲ್ಲಿ ಮಲೇರಿಯಾ ರೋಗಿಗಳು ಸಿಗುವುದು ಕಷ್ಟವಾಗಿತ್ತು. ಆದರೂ ಪ್ರಯೋಗಗಳು ಪೂರ್ತಿ ನಿಲ್ಲಲಿಲ್ಲ. ನೀರಿಗಿಂತ ಕಡಿತದ ಮೂಲಕವೇ ರೋಗ ಹರಡುತ್ತಿರಬಹುದೆಂಬ ಆಲೋಚನೆ ಈ ಅವಧಿಯಲ್ಲಿ ರಾಸ್ ಅವರ ಮನಸ್ಸಿನಲ್ಲಿ ಬಲಗೊಂಡಿತು. ಭಾರತೀಯ ಸಹಾಯಕ ವೈದ್ಯರೊಬ್ಬರು ಸ್ವಇಚ್ಛೆಯಿಂದ, ರೋಗಿಗಳ ರಕ್ತ ಕುಡಿದಿದ್ದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ. ಸೊಳ್ಳೆಯ ಜಾತಿ ತಪ್ಪಾಗಿತ್ತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

1897ರ ಏಪ್ರಿಲ್‌ನಲ್ಲಿ ರಾಸ್ ಊಟಿಯ ಉತ್ತರಕ್ಕಿರುವ ಸೀಗೂರು ಘಟ್ಟದ ಕಾಫಿ ತೋಟದ ಪ್ರದೇಶಕ್ಕೆ ಹೋದರು. ಮಲೇರಿಯಾಕ್ಕೆ ಕುಖ್ಯಾತವಾದ ಆ ಕಣಿವೆಯಲ್ಲಿ ಅವರಿಗೇ ಚಳಿಜ್ವರ ಹಿಡಿಯಿತು. ಚೇತರಿಸಿಕೊಂಡ ಮೇಲೆ, ಗೋಡೆಯ ಮೇಲೆ ವಿಚಿತ್ರ ಭಂಗಿಯಲ್ಲಿ, ಬಾಲವನ್ನು ಮೇಲೆತ್ತಿ ಕುಳಿತಿದ್ದ ಚುಕ್ಕೆ ರೆಕ್ಕೆಯ ಸೊಳ್ಳೆಯೊಂದು ಕಣ್ಣಿಗೆ ಬಿದ್ದಿತು. ಅಂತಹ ಸೊಳ್ಳೆಯನ್ನು ಅವರು ಗಮನಿಸಿದ್ದು ಅದೇ ಮೊದಲು.

1897ರ ಆಗಸ್ಟ್ 20

ಸಿಕಂದರಾಬಾದಿಗೆ ಮರಳಿದ ರಾಸ್ ಬೇಸಿಗೆಯ ಸೆಕೆಯಲ್ಲಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಸೀಳಿದ ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಖಾ ಎಳೆಸುವಂತಿರಲಿಲ್ಲ. ಬೆವರಿನಿಂದ ಉಪಕರಣದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ ಮಧ್ಯದಲ್ಲಿ ಸಹಾಯಕರು ತಂದ ಮರಿಹುಳುಗಳಿಂದ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಹೊರಬಂದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಪಡೆದು ಅವುಗಳಿಗೆ ರಕ್ತ ಕೊಡಲು ಒಪ್ಪಿದ.

ಪರೀಕ್ಷೆಯಲ್ಲಿ ಹಲವು ಸೊಳ್ಳೆಗಳು ಮುಗಿದು ಕೆಲವೇ ಉಳಿದವು. ಆಗಸ್ಟ್ 20ರಂದು ರಾಸ್ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಸ್ಪಷ್ಟ ಅಂಚಿನ, ದುಂಡಗಿನ ಕೋಶಗಳನ್ನು ಕಂಡರು. ಅವುಗಳ ಒಳಗಿದ್ದ ಕಪ್ಪು ಕಣಗಳು ಮಲೇರಿಯಾ ಪರೋಪಜೀವಿಯಲ್ಲಿ ಇರುವಂಥವೇ. ಮರುದಿನ ಸೀಳಿದ ಸೊಳ್ಳೆಯಲ್ಲಿ ಆ ಕೋಶಗಳು ಮತ್ತಷ್ಟು ದೊಡ್ಡವಾಗಿದ್ದವು. ಎಂದರೆ ಅವು ಬೆಳೆಯುತ್ತಿದ್ದವು. ಪರೋಪಜೀವಿ ಸೊಳ್ಳೆಯೊಳಗೆ ಬದುಕಿ ವೃದ್ಧಿಯಾಗುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಕುರುಹು ಇದು. ಈ ಕುರಿತ ಚಿಕ್ಕ ಲೇಖನ ಅದೇ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಕೆಲವೇ ವಾರಗಳಲ್ಲಿ ಸರ್ಕಾರ ಅವರನ್ನು ರಾಜಪುತಾನದ ಖೇರ್‌ವಾಡಾಕ್ಕೆ ವರ್ಗಾಯಿಸಿತು. ಅಲ್ಲಿ ಮಲೇರಿಯಾ ರೋಗಿಗಳೇ ಇರಲಿಲ್ಲ. ಸಂಶೋಧನೆಯ ನಿರ್ಣಾಯಕ ಘಟ್ಟದಲ್ಲಿ ಸಂಶೋಧಕನನ್ನು ಎತ್ತಿ ಬೇರೆಡೆಗೆ ಹಾಕಿದ ಈ ಆಜ್ಞೆಯನ್ನು ರಾಸ್ ಕೊನೆಯವರೆಗೂ ಮರೆಯಲಿಲ್ಲ.

ಕಲ್ಕತ್ತಾ: ಹಕ್ಕಿಗಳ ಮಲೇರಿಯಾ

ಮ್ಯಾನ್ಸನ್ ಅವರ ಒತ್ತಾಯದ ಫಲವಾಗಿ 1898ರ ಆರಂಭದಲ್ಲಿ ರಾಸ್ ಅವರನ್ನು ವಿಶೇಷ ಕರ್ತವ್ಯದ ಮೇಲೆ ಕಲ್ಕತ್ತಾಗೆ ನಿಯೋಜಿಸಲಾಯಿತು. ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಆವರಣದ ಒಂದು ಸಣ್ಣ ಪ್ರಯೋಗಾಲಯ ಅವರಿಗೆ ದೊರೆಯಿತು. ಆಗ ಊರಿನಲ್ಲಿ ಪ್ಲೇಗಿನ ಭೀತಿ ಹಬ್ಬಿತ್ತು, ಬೆರಳು ಚುಚ್ಚಿ ರಕ್ತ ತೆಗೆಯಲು ಬಂದವರನ್ನು ಜನ ಸಂಶಯದಿಂದ ನೋಡುತ್ತಿದ್ದರು. ಆದ್ದರಿಂದ ರಾಸ್ ಗುಬ್ಬಚ್ಚಿ ಮೊದಲಾದ ಹಕ್ಕಿಗಳಲ್ಲಿ ಕಾಣುವ ಮಲೇರಿಯಾವನ್ನು ಆರಿಸಿಕೊಂಡರು. ಸಹಾಯಕ ಮಹಮ್ಮದ್ ಬಕ್ಸ್ ಅವರ ಶ್ರದ್ಧೆಯನ್ನು ರಾಸ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಹಕ್ಕಿಗಳ ಮಲೇರಿಯಾವನ್ನು ಹರಡುತ್ತಿದ್ದುದು ಬೂದು ಸೊಳ್ಳೆ. ಅದರ ಹೊಟ್ಟೆಯ ಗೋಡೆಯ ಕೋಶಗಳು ಬಲಿತು ಒಡೆದಾಗ, ಅವುಗಳಿಂದ ಹೊರಬಿದ್ದ ಸೂಜಿಯಂತಹ ಸಾವಿರಾರು ಕಣಗಳು ಎಲ್ಲಿಗೆ ಹೋಗುತ್ತವೆ ಎಂಬುದೇ ಉಳಿದ ಪ್ರಶ್ನೆ. 1898ರ ಜುಲೈ ಮೊದಲ ವಾರದಲ್ಲಿ ರಾಸ್ ಅವುಗಳನ್ನು ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಕಂಡರು. ಅಂತಹ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಚ್ಚಿಗಳಿಗೆ ರೋಗ ತಗುಲಿತು. ಕುಡಿಯುವ ನೀರು, ಕೆಟ್ಟ ಗಾಳಿ ಎರಡೂ ಕಾರಣವಲ್ಲ, ಸೊಳ್ಳೆ ಕಚ್ಚುವಾಗ ಬಿಡುವ ಜೊಲ್ಲೇ ಕಾರಣ ಎಂದು ಇದರಿಂದ ಸ್ಪಷ್ಟವಾಯಿತು.

ಅದೇ ವರ್ಷದ ಕೊನೆಯಲ್ಲಿ ಇಟಲಿಯ ಜೊವಾನ್ನಿ ಬತಿಸ್ತಾ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾ ಪರೋಪಜೀವಿಯ ಪೂರ್ಣ ಜೀವನಚಕ್ರವನ್ನು ಅನಾಫಿಲಿಸ್ ಸೊಳ್ಳೆಯಲ್ಲಿ ತೋರಿಸಿಕೊಟ್ಟರು. ಮೊದಲು ಕಂಡವರಾರು ಎಂಬ ಬಗ್ಗೆ ರಾಸ್ ಮತ್ತು ಗ್ರಾಸಿ ನಡುವೆ ಕಟುವಾದ ವಿವಾದ ಹುಟ್ಟಿ ದಶಕಗಳ ಕಾಲ ಮುಂದುವರಿಯಿತು. ಜರ್ಮನಿಯ ರಾಬರ್ಟ್ ಕಾಖ್ ಅವರ ಅಭಿಪ್ರಾಯ ರಾಸ್ ಪರವಾಗಿತ್ತು, ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಸಂದಿತು. ಸೊಳ್ಳೆಯಿಂದ ಹರಡುವ ಮಾರ್ಗವನ್ನು ಕಂಡುಕೊಟ್ಟವರು ರಾಸ್. ಮನುಷ್ಯರ ರೋಗಕ್ಕೆ ಕಾರಣವಾದ ಸೊಳ್ಳೆಯ ಕುಲವನ್ನು ನಿಖರವಾಗಿ ಗುರುತಿಸಿದವರು ಇಟಲಿಯವರು. ಎರಡನ್ನೂ ಒಪ್ಪುವ ಔದಾರ್ಯ ಇಬ್ಬರಲ್ಲಿಯೂ ಇರಲಿಲ್ಲ. ಈ ವಿಷಯದಲ್ಲಿ ರಾಸ್ ಬಳಸಿದ ಭಾಷೆ ಅವರ ಅಭಿಮಾನಿಗಳಿಗೂ ಮುಜುಗರ ತರುವಂಥದು.

ಸೊಳ್ಳೆ ನಿಯಂತ್ರಣ ಮತ್ತು ಗಣಿತ

1899ರಲ್ಲಿ ಭಾರತವನ್ನು ಬಿಟ್ಟ ರಾಸ್, ಆಗಷ್ಟೇ ಸ್ಥಾಪನೆಯಾಗಿದ್ದ ಲಿವರ್‌ಪೂಲ್ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. ಅದೇ ವರ್ಷ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ತೆರಳಿ, ಅಲ್ಲಿನ ಅನಾಫಿಲಿಸ್ ಸೊಳ್ಳೆಗಳಲ್ಲಿ ಮನುಷ್ಯರ ಮಲೇರಿಯಾ ಪರೋಪಜೀವಿಯನ್ನು ಕಂಡರು. 1902ರಲ್ಲಿ ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣಕ್ಕೆ ಸಲಹೆಗಾರರಾಗಿ ಹೋದರು. ಅಲ್ಲಿ ನಿಂತ ನೀರನ್ನು ಬತ್ತಿಸಿ, ಉಳಿದಲ್ಲಿ ಎಣ್ಣೆ ಹಾಕಿಸಿದ ಬಳಿಕ ಕೆಲವೇ ವರ್ಷಗಳಲ್ಲಿ ಮಲೇರಿಯಾ ಹೆಚ್ಚುಕಡಿಮೆ ಇಲ್ಲವಾಯಿತು.

ಭಾರತದಲ್ಲಿ ಮಾತ್ರ ಈ ವಿಧಾನಕ್ಕೆ ಹಿನ್ನಡೆಯಾಯಿತು. ಲಾಹೋರ್ ಸಮೀಪದ ಮಿಯಾನ್ ಮೀರ್ ದಂಡಿನಲ್ಲಿ 1901ರಿಂದ ನಡೆಸಿದ ಸೊಳ್ಳೆ ನಾಶದ ಪ್ರಯೋಗ ವಿಫಲವಾಯಿತೆಂದು ಅಧಿಕಾರಿಗಳು ತೀರ್ಮಾನಿಸಿ, ಕ್ವಿನೈನ್ ಹಂಚುವುದೇ ಮೇಲೆಂಬ ನಿಲುವಿಗೆ ಬಂದರು. ಕಾಲುವೆ ನೀರು ಹರಿಯುವ ವಿಶಾಲ ಬಯಲಿನಲ್ಲಿ ಅಲ್ಪ ಹಣದಿಂದ, ಅರೆಮನಸ್ಸಿನಿಂದ ಮಾಡಿದ ಕೆಲಸವನ್ನು ಪ್ರಯೋಗವೆನ್ನಲಾಗದು ಎಂದು ರಾಸ್ ವಾದಿಸಿದರು. ವಾದದಲ್ಲಿ ಗೆದ್ದವರು ಅಧಿಕಾರಿಗಳು.

ಈ ಸೋಲೇ ರಾಸ್ ಅವರನ್ನು ಗಣಿತದತ್ತ ತಿರುಗಿಸಿತೆನ್ನಬಹುದು. ಒಂದು ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಅಸಾಧ್ಯ, ಆದ್ದರಿಂದ ಯತ್ನವೇ ವ್ಯರ್ಥ ಎಂಬುದು ವಿರೋಧಿಗಳ ವಾದವಾಗಿತ್ತು. ಎಲ್ಲವನ್ನೂ ಕೊಲ್ಲಬೇಕಾಗಿಲ್ಲ ಎಂದು ರಾಸ್ ಲೆಕ್ಕ ಹಾಕಿ ತೋರಿಸಿದರು. ಒಬ್ಬ ರೋಗಿಯ ರಕ್ತ ಕುಡಿದ ಸೊಳ್ಳೆಗಳಲ್ಲಿ ಕೆಲವು ಮಾತ್ರ ಪರೋಪಜೀವಿ ಬಲಿಯುವವರೆಗೆ ಬದುಕುತ್ತವೆ, ಅವುಗಳಲ್ಲಿಯೂ ಕೆಲವು ಮಾತ್ರ ಮತ್ತೊಬ್ಬನನ್ನು ಕಚ್ಚುತ್ತವೆ. ಆದ್ದರಿಂದ ಮನುಷ್ಯರ ಸಂಖ್ಯೆಗೆ ಹೋಲಿಸಿದರೆ ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗ ತಾನಾಗಿ ಕ್ಷೀಣಿಸುತ್ತದೆ. ಮಾರಿಷಸ್ ದ್ವೀಪದ ಮಲೇರಿಯಾ ಕುರಿತ 1908ರ ವರದಿಯಲ್ಲಿ ಮೊದಲು ಮಂಡಿಸಿದ ಈ ವಿಚಾರವನ್ನು 1910ರಲ್ಲಿ ಹೊರಬಂದ ಮಲೇರಿಯಾ ತಡೆಯ ಗ್ರಂಥದಲ್ಲಿ ವಿಸ್ತರಿಸಿದರು. ಮುಂದೆ ಜಾರ್ಜ್ ಮ್ಯಾಕ್‌ಡೊನಾಲ್ಡ್ ಇದನ್ನು ಬೆಳೆಸಿದರು. ಸಾಂಕ್ರಾಮಿಕ ರೋಗಗಳ ಗಣಿತಶಾಸ್ತ್ರದಲ್ಲಿ ರಾಸ್–ಮ್ಯಾಕ್‌ಡೊನಾಲ್ಡ್ ಮಾದರಿ ಇಂದಿಗೂ ಮೊದಲ ಪಾಠ. ತಮ್ಮ ಈ ಕೆಲಸವು ಸೊಳ್ಳೆಯಲ್ಲಿ ಪರೋಪಜೀವಿ ಕಂಡದ್ದಕ್ಕಿಂತ ಮುಖ್ಯವೆಂದು ರಾಸ್ ಭಾವಿಸಿದ್ದರು. ಅದು ಉತ್ಪ್ರೇಕ್ಷೆಯೇನಲ್ಲ.

ಪಟ್ಟೆ ಸೊಳ್ಳೆ, ವೈರಸ್ ಮತ್ತು ರೋಗನಿರೋಧಕ ವ್ಯವಸ್ಥೆ

ಮಲೇರಿಯಾಕ್ಕೆ ಸಂಬಂಧವಿಲ್ಲವೆಂದು ರಾಸ್ ಬದಿಗಿಟ್ಟ ಪಟ್ಟೆ ಸೊಳ್ಳೆ ನಿರಪರಾಧಿಯಾಗಿರಲಿಲ್ಲ. ಕ್ಯೂಬಾದ ಕಾರ್ಲೋಸ್ ಫಿನ್ಲೆ 1881ರಲ್ಲಿಯೇ ಹಳದಿ ಜ್ವರಕ್ಕೆ ಇದನ್ನು ಹೊಣೆಯಾಗಿಸಿದ್ದರು. ರಾಸ್ ಅವರ ಪ್ರಯೋಗಗಳ ಎರಡು ವರ್ಷಗಳ ನಂತರ, 1900ರಲ್ಲಿ, ಅಮೆರಿಕದ ವಾಲ್ಟರ್ ರೀಡ್ ತಂಡ ಅದನ್ನು ಸಾಬೀತುಪಡಿಸಿತು. ಹಳದಿ ಜ್ವರದ ಕಾರಣ ಪರೋಪಜೀವಿಯಲ್ಲ, ಸೂಕ್ಷ್ಮದರ್ಶಕಕ್ಕೂ ಕಾಣದ ವೈರಸ್. ಡೆಂಗಿ ಮತ್ತು ಚಿಕುನ್‌ಗುನ್ಯಾ ವೈರಸ್‌ಗಳನ್ನು ಹರಡುವುದೂ ಈಡಿಸ್ ಕುಲದ ಸೊಳ್ಳೆಗಳೇ. ರಾಸ್ ಅವರ ಬೂದು ಸೊಳ್ಳೆಯ ಕುಲವಾದ ಕ್ಯೂಲೆಕ್ಸ್ ಮಿದುಳು ಜ್ವರದ (ಜಪಾನೀಸ್ ಎನ್ಸೆಫಲೈಟಿಸ್) ವೈರಸ್‌ಗೆ ವಾಹಕ. ಕರ್ನಾಟಕದಲ್ಲಿ ಈ ರೋಗ ಕೋಲಾರ, ಮಂಡ್ಯ ಮೊದಲಾದ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿದೆ.

ಸೊಳ್ಳೆಯ ಜೊಲ್ಲಿನಲ್ಲಿ ಬರುವ ಇವೆರಡು ಬಗೆಯ ಜೀವಿಗಳೊಡನೆ ಮನುಷ್ಯದೇಹ ಹೋರಾಡುವ ರೀತಿ ಬೇರೆ ಬೇರೆ. ಮಲೇರಿಯಾ ಪರೋಪಜೀವಿ ಯಕೃತ್ತಿನ ಕೋಶಗಳಲ್ಲಿ, ಅನಂತರ ಕೆಂಪು ರಕ್ತಕಣಗಳಲ್ಲಿ ಅಡಗಿರುತ್ತದೆ ಮತ್ತು ತನ್ನ ಹೊರಮೈ ಪ್ರೋಟೀನುಗಳನ್ನು ಬದಲಿಸುತ್ತ ಪ್ರತಿಕಾಯಗಳನ್ನು ತಪ್ಪಿಸಿಕೊಳ್ಳುತ್ತದೆ. ಪದೇ ಪದೇ ಸೋಂಕು ತಗುಲಿದವರಿಗೆ ನಿಧಾನವಾಗಿ ಭಾಗಶಃ ರಕ್ಷಣೆ ಬರುತ್ತದೆ. ಮಲೇರಿಯಾ ಪ್ರದೇಶ ಬಿಟ್ಟು ಕೆಲವು ವರ್ಷ ಕಳೆದರೆ ಅದೂ ಕುಂದುತ್ತದೆ.

ವೈರಸ್ ಹಾಗಲ್ಲ. ಈಡಿಸ್ ಸೊಳ್ಳೆ ಕಚ್ಚಿದಾಗ ಡೆಂಗಿ ವೈರಸ್ ಮೊದಲು ಹಿಡಿಯುವುದು ಚರ್ಮದಲ್ಲಿರುವ ಕಾವಲು ಕೋಶಗಳನ್ನು. ಶತ್ರುವಿನ ಸುದ್ದಿಯನ್ನು ದುಗ್ಧಗ್ರಂಥಿಗಳಿಗೆ ಒಯ್ಯಬೇಕಾದ ಈ ಕೋಶಗಳೇ ವೈರಸ್ಸಿಗೆ ವಾಹನವಾಗುತ್ತವೆ. ಸೋಂಕಿತ ಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನುಗಳನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಡೆಂಗಿ ವೈರಸ್ಸಿನ ಕೆಲವು ಪ್ರೋಟೀನುಗಳು ಈ ಎಚ್ಚರಿಕೆಯ ಸಂಕೇತವನ್ನು ಅರ್ಧದಲ್ಲಿಯೇ ಕತ್ತರಿಸುತ್ತವೆ. ಆದರೂ ಸುಮಾರು ಒಂದು ವಾರದಲ್ಲಿ ಪ್ರತಿಕಾಯಗಳು ಹುಟ್ಟಿ ಹೆಚ್ಚಿನವರು ಗುಣಮುಖರಾಗುತ್ತಾರೆ.

ತೊಡಕು ಬರುವುದು ಎರಡನೆಯ ಸಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕಿನಿಂದ ಗುಣವಾದವರಿಗೆ ಆ ಬಗೆಯಿಂದ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಅನಂತರ ಬೇರೆ ಬಗೆಯ ವೈರಸ್ ಬಂದಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯಗೊಳಿಸಲಾರವು. ಪ್ರತಿಕಾಯ ಅಂಟಿದ ಕಣವನ್ನು ನುಂಗುವುದು ಕೆಲವು ಬಿಳಿ ರಕ್ತಕಣಗಳ ಸ್ವಭಾವ. ಹೀಗೆ ಒಳಹೊಕ್ಕ ವೈರಸ್ ಆ ಕಣಗಳಲ್ಲಿಯೇ ವೃದ್ಧಿಯಾಗುತ್ತದೆ. ಹಳೆಯ ರಕ್ಷಣೆಯೇ ವೈರಸ್ಸಿಗೆ ಬಾಗಿಲು ತೆರೆದಂತೆ. ಇದರ ಪರಿಣಾಮವಾಗಿ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ ಮಿತಿಮೀರಿ, ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ, ಪ್ಲೇಟ್‌ಲೆಟ್ ಸಂಖ್ಯೆ ಕುಸಿದು ರೋಗಿ ಅಪಾಯಕ್ಕೀಡಾಗಬಹುದು. ಜ್ವರ ಇಳಿಯುವ ಹೊತ್ತಿನಲ್ಲಿಯೇ ಈ ಅಪಾಯ ಹೆಚ್ಚೆಂಬುದನ್ನು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ. ಚಿಕುನ್‌ಗುನ್ಯಾದಲ್ಲಿ ಇಂತಹ ಎರಡನೆಯ ಸಲದ ಅಪಾಯವಿಲ್ಲ. ಒಮ್ಮೆ ಬಂದವರಿಗೆ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಆದರೆ ಕೀಲುಗಳಲ್ಲಿ ಉಳಿಯುವ ಉರಿಯೂತದಿಂದ ಹಲವರಿಗೆ ತಿಂಗಳುಗಟ್ಟಲೆ ನೋವು ಕಾಡುತ್ತದೆ.

ಹಳದಿ ಜ್ವರಕ್ಕೆ 1930ರ ದಶಕದಲ್ಲಿ ಮ್ಯಾಕ್ಸ್ ಥೈಲರ್ ಸಿದ್ಧಪಡಿಸಿದ ಲಸಿಕೆ ಒಂದೇ ಚುಚ್ಚುಮದ್ದಿನಿಂದ ದೀರ್ಘಕಾಲ ರಕ್ಷಿಸುತ್ತದೆ. ಡೆಂಗಿಗೆ ಅಂಥದು ಸುಲಭವಾಗಲಿಲ್ಲ. 2015ರಲ್ಲಿ ಅನುಮತಿ ಪಡೆದ ಮೊದಲ ಡೆಂಗಿ ಲಸಿಕೆಯು, ಹಿಂದೆ ಡೆಂಗಿ ಬಾರದ ಮಕ್ಕಳಲ್ಲಿ ಮುಂದಿನ ಸೋಂಕನ್ನು ತೀವ್ರಗೊಳಿಸಬಹುದೆಂದು ತಿಳಿದುಬಂದು, 2017ರಲ್ಲಿ ಫಿಲಿಪ್ಪೀನ್ಸ್ ಅದರ ಬಳಕೆಯನ್ನು ನಿಲ್ಲಿಸಿತು. ಲಸಿಕೆ ಮೊದಲ ಸೋಂಕಿನಂತೆ ವರ್ತಿಸಿತ್ತು. ದೇಹದ ರಕ್ಷಣೆಯನ್ನು ನೆಚ್ಚುವುದು ಇಷ್ಟು ನಾಜೂಕಾದ ಕಡೆ, ಸೊಳ್ಳೆಗಳ ಸಂಖ್ಯೆಯನ್ನೇ ಮಿತಿಗಿಂತ ಕೆಳಗಿಳಿಸಬೇಕೆಂಬ ರಾಸ್ ಅವರ ಲೆಕ್ಕಾಚಾರಕ್ಕೆ ಬೆಲೆ ಹೆಚ್ಚು. ವೈರಸ್‌ಗಳ ಬಗ್ಗೆ ಏನೂ ತಿಳಿಯದೆ ಮಾಡಿದ ಆ ಲೆಕ್ಕ ಡೆಂಗಿಗೂ ಹೊಂದುತ್ತದೆ.

ಕರಾವಳಿಯ ಅನುಭವ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ರಾಸ್ ಅವರ ಮೂರೂ ಬಗೆಯ ಸೊಳ್ಳೆಗಳಿಗೆ ನೆಲೆಯಿದೆ. 1990ರ ದಶಕದಿಂದ ಮಂಗಳೂರು ನಗರದಲ್ಲಿ ಮಲೇರಿಯಾ ಬೇರೂರಿದ್ದಕ್ಕೆ ಜೌಗು ನೆಲ ಕಾರಣವಾಗಿರಲಿಲ್ಲ. ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ತೊಟ್ಟಿಗಳು, ಬಾವಿಗಳು ಇಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ತೊಟ್ಟಿಲು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ಸಿದ್ಧಕಟ್ಟೆಯ ಆಸುಪಾಸಿನಂತಹ ಹಳ್ಳಿಗಾಡಿನಲ್ಲಿ ಪರಿಸ್ಥಿತಿ ಬೇರೆ. ಮಳೆಗಾಲದಲ್ಲಿ ತೋಟಕ್ಕೆ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲು ಹಿಡಿಯಲು ಮರಕ್ಕೆ ಕಟ್ಟಿದ ಬಟ್ಟಲು, ಮನೆಯಂಗಳದ ಹಳೆಯ ಟಯರುಗಳಲ್ಲಿ ನಿಲ್ಲುವ ಒಂದು 'ಚಮಚ' ನೀರೇ ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಅದಕ್ಕೆಂದೇ ವಾರಕ್ಕೊಮ್ಮೆ ನೀರು ಚೆಲ್ಲಿ ಒಣದಿನ ಆಚರಿಸಬೇಕೆಂದು ಆರೋಗ್ಯ ಇಲಾಖೆ ಹೇಳುತ್ತದೆ. 2008ರಲ್ಲಿ ಜಿಲ್ಲೆಯ ತೋಟಗಳ ನಡುವೆ ಚಿಕುನ್‌ಗುನ್ಯಾ ಹಬ್ಬಿ, ಮನೆಮಂದಿಯೆಲ್ಲ ಕೈಕಾಲು ಹಿಡಿದು ಮಲಗಿದ್ದನ್ನು ಈ ಭಾಗದ ಜನ ಇನ್ನೂ ನೆನೆಯುತ್ತಾರೆ.

ಸಾಹಿತ್ಯ ಮತ್ತು ಕೊನೆಯ ವರ್ಷಗಳು

ರಾಸ್ ಕಾದಂಬರಿ, ನಾಟಕ, ಕವಿತೆಗಳನ್ನು ರಚಿಸಿದರು. ಅವರ ಕವಿತೆಗಳಲ್ಲಿ ಭಾರತದ ಬಿಸಿಲು, ಒಂಟಿತನ ಮತ್ತು ರೋಗದ ಚಿತ್ರಗಳಿವೆ. 1923ರಲ್ಲಿ ಪ್ರಕಟವಾದ ಆತ್ಮಕಥೆಗೆ ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ಬಂತು. ಓದಲು ರೋಚಕವಾದ ಆ ಗ್ರಂಥ ದೂರುಗಳಿಂದಲೂ ತುಂಬಿದೆ. 1901ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1911ರಲ್ಲಿ ಸರ್ ಪದವಿ ದೊರೆತವು. ಆದರೂ ತಮ್ಮ ಸಂಶೋಧನೆಗೆ ಸರ್ಕಾರ ತಕ್ಕ ಪ್ರತಿಫಲ ಕೊಡಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ಸಿಡುಬಿನ ಲಸಿಕೆಗಾಗಿ ಎಡ್ವರ್ಡ್ ಜೆನ್ನರ್ ಅವರಿಗೆ ಬ್ರಿಟಿಷ್ ಸಂಸತ್ತು ಹಣ ಕೊಟ್ಟಿದ್ದನ್ನು ಉದಾಹರಿಸಿ ಮನವಿ ಸಲ್ಲಿಸಿದರೂ ಫಲ ಸಿಗಲಿಲ್ಲ. ಸಂಶೋಧಕರಿಗೆ ಪಿಂಚಣಿ ಇರಬೇಕೆಂದು ಅವರು ಹೋರಾಡಿದ್ದು ಸ್ವಾರ್ಥಕ್ಕಾಗಿ ಮಾತ್ರವಲ್ಲ ಎಂಬುದನ್ನೂ ಹೇಳಬೇಕು.

ಮೊದಲ ಮಹಾಯುದ್ಧದ ಆರಂಭದಲ್ಲಿಯೇ, 1914ರ ಆಗಸ್ಟ್‌ನಲ್ಲಿ, ಹಿರಿಯ ಮಗ ರೊನಾಲ್ಡ್ ಕ್ಯಾಂಬೆಲ್ ಫ್ರಾನ್ಸಿನ ಲ ಕಾತೊ ಕದನದಲ್ಲಿ ಮಡಿದರು. ಯುದ್ಧಕಾಲದಲ್ಲಿ ರಾಸ್ ಸೇನೆಗೆ ಮಲೇರಿಯಾ ಸಲಹೆಗಾರರಾಗಿದ್ದರು. ಅವರ ಗೌರವಾರ್ಥ 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ರಾಸ್ ಸಂಸ್ಥೆ ಆರಂಭವಾಯಿತು. ಪಾರ್ಶ್ವವಾಯುವಿನಿಂದ ಬಳಲಿದ ರಾಸ್, ಪತ್ನಿ ತೀರಿಕೊಂಡ ಮರುವರ್ಷ 1932ರ ಸೆಪ್ಟೆಂಬರ್ 16ರಂದು ಅದೇ ಸಂಸ್ಥೆಯಲ್ಲಿ ನಿಧನರಾದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಸ್ಮಾರಕಗಳು

ಕಲ್ಕತ್ತಾದ ಪ್ರೆಸಿಡೆನ್ಸಿ ಜನರಲ್ ಆಸ್ಪತ್ರೆಯ ಬಳಿ ರಾಸ್ ಸ್ಮಾರಕ ದ್ವಾರವಿದ್ದು, 1927ರ ಜನವರಿಯಲ್ಲಿ ಅದರ ಉದ್ಘಾಟನೆಗೆ ರಾಸ್ ಸ್ವತಃ ಬಂದಿದ್ದರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರು ಕೆಲಸ ಮಾಡಿದ ಕಟ್ಟಡವು ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನದಲ್ಲಿ ಪರೋಪಜೀವಿಶಾಸ್ತ್ರ ಸಂಸ್ಥೆಯಾಗಿ ಅವರ ಹೆಸರನ್ನು ಹೊತ್ತಿದೆ. ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ. ಪಟ್ನಿಯ ರಾಸ್ ಸಂಸ್ಥೆ 1934ರಲ್ಲಿ ಲಂಡನ್ನಿನ ನೈರ್ಮಲ್ಯ ಮತ್ತು ಉಷ್ಣವಲಯ ವೈದ್ಯಶಾಲೆಯೊಂದಿಗೆ ವಿಲೀನವಾಯಿತು. ರಾಸ್ ಅವರ ಪತ್ರಗಳು ಮತ್ತು ದಿನಚರಿಗಳ ದೊಡ್ಡ ಸಂಗ್ರಹ ಆ ಶಾಲೆಯಲ್ಲಿ ಸುರಕ್ಷಿತವಾಗಿದೆ.